ಕಮಟು

ಮಾರ್ಚ್ ೩, ಸೋಮವಾರ

ಅಮ್ಮನ ಪರೀಕ್ಷೆ ಇಪ್ಪತ್ತೆಂಟನೇ ತಾರೀಕಿಗೆ ಎಂದು ಮ್ಯಾನೇಜರ್ ಫೋನು ಮಾಡಿದ್ದಾನೆ. "ಗಾಬರಿ ಬೇಡಮ್ಮ, ಸುಮ್ಮನೆ ಒಂದು ಶಾಸ್ತ್ರ" ಎಂದನಂತೆ. ಶಾಸ್ತ್ರವಂತೆ! ಇಷ್ಟು ವರ್ಷ ಯಾರ ನಾಲಿಗೆಯ ಮೇಲೆ ಆ ಕಾರ್ಖಾನೆ ನಿಂತಿತ್ತೋ, ಈಗ ಆ ನಾಲಿಗೆಗೇ ಪರೀಕ್ಷೆ.

ಕೋಪದಲ್ಲಿ ವಿಷಯ ಕೈತಪ್ಪಬಾರದೆಂದು ಬರೆದಿಡುತ್ತಿದ್ದೇನೆ. ಅಮ್ಮ ಕಾಫಿ ಹುರಿಯುವ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದವಳು. ದಿನಾ ಬೆಳಗ್ಗೆ ಹಿಂದಿನ ದಿನ ಹುರಿದ ಬೀಜದ ಕಾಫಿಯನ್ನು ಸಾಲಾಗಿ ಇಡುತ್ತಾರೆ. ಅಮ್ಮ ಮೂಸಿ, ಚಮಚದಲ್ಲಿ ಸೊರ್ರನೆ ಎಳೆದು, ಉಗಿದು, "ಹೋಗಲಿ" ಇಲ್ಲವೇ "ಬೇಡ" ಎನ್ನುತ್ತಾಳೆ. ಬೇಡ ಎಂದರೆ ಆ ಬೀಜ ಪೊಟ್ಟಣಕ್ಕೆ ಹೋಗುವುದಿಲ್ಲ, ಅಷ್ಟೇ, ಮಾಲೀಕನೂ ಎದುರಾಡುವಂತಿಲ್ಲ. ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅಮ್ಮನ ಮೂಗನ್ನೂ ಕರೆದುಕೊಂಡು ಹೋಯಿತು. ಅಂದಿನಿಂದ ರಜೆ. ಈಗ ಮೂರು ಲೋಟ ಇಡುತ್ತಾರಂತೆ: ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆ ಯಾವುದೆಂದು ಹೇಳಬೇಕು. ಹಾಗೆ ಐದು ಸಲ. ನಾಲ್ಕಾದರೂ ಸರಿಯಾಗದಿದ್ದರೆ ಆ ಕುರ್ಚಿ ಬೇರೆಯವರಿಗೆ.

ಮನೆಯಲ್ಲಿ ಅಭ್ಯಾಸ ಮಾಡಬೇಕು, ನೀನು ಕಾಫಿ ಮಾಡಿಕೊಡು ಎಂದಳು. ತಾನೇ ಮಾಡಿದರೆ ಯಾವ ಲೋಟದಲ್ಲಿ ಯಾವುದೆಂದು ಗೊತ್ತಾಗಿಬಿಡುತ್ತದಲ್ಲ. ಎಂಥ ತಮಾಷೆ! ಬೀಜ ಕೀಳುವ ಕೈಗಳಿಗೆ ನ್ಯಾಯ ಸಿಗುವತನಕ ಕಾಫಿಯನ್ನು ತುಟಿಗೆ ಸೋಕಿಸುವುದಿಲ್ಲವೆಂದು ನಾನು ಪ್ರತಿಜ್ಞೆ ಮಾಡಿ ಎರಡು ವರ್ಷವಾಯಿತು. ನನ್ನ ಕರಪತ್ರ 'ಈ ಲೋಟದಲ್ಲಿ ಯಾರ ಬೆವರು?' ಅರ್ಧ ಆಗಿದೆ. ಅದನ್ನು ಬರೆಯುವ ಕೈಯಲ್ಲೇ ಕಾಫಿ ಕಾಸಬೇಕು.

ಒಪ್ಪಿಕೊಂಡೆ. ಕುಡಿಯುವುದಿಲ್ಲ, ಮಾಡುತ್ತೇನೆ. ಇವೆರಡೂ ಬೇರೆ.

ಮಾರ್ಚ್ ೫, ಬುಧವಾರ

ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಗೆ ತಡವಾಗಿ ಹೋದೆ. ಮಾಲೀಕನ ಮುಖ ದಪ್ಪಗಿತ್ತು. ಇರಲಿ.

ನಮ್ಮ ಕಾಫಿ ಪಾತ್ರೆ ಅಲ್ಯೂಮಿನಿಯಮ್ಮಿನದು. ಕೆಳಗಿನ ಭಾಗಕ್ಕೆ ನೀರು, ನಡುವಿನ ಜಾಲರಿಗೆ ಪುಡಿ, ಮೇಲಿನದನ್ನು ತಿರುಗಿಸಿ ಬಿಗಿದು ಒಲೆಗಿಡಬೇಕು; ನೀರು ಪುಡಿಯನ್ನು ಹಾದು ಮೇಲೆ ಏರಿ ಕಾಫಿಯಾಗುತ್ತದೆ. ಬೀಜ ಪುಡಿ ಮಾಡಲು ಹಿಡಿಕೆ ತಿರುಗಿಸುವ ಗ್ರೈಂಡರ್. ಎರಡೂ ಅಮ್ಮನ ಮದುವೆಗಿಂತ ಹಳೆಯವು. ಅಮ್ಮ ಹಾಸಿಗೆ ಹಿಡಿದಾಗಿನಿಂದ ಅಡುಗೆಮನೆ ನನ್ನ ಆಡಳಿತದಲ್ಲಿದೆ. ಮೊದಲ ವಾರವೇ ಸಾಬೂನನ್ನು ಗಡೀಪಾರು ಮಾಡಿದೆ. ನಮ್ಮ ಅಂಗಡಿಯಲ್ಲೇ ಅಚ್ಚಾದ 'ಸಾಬೂನಿಲ್ಲದ ಮನೆ' ಎಂಬ ಪುಟ್ಟ ಪುಸ್ತಕ ಓದಿ ನನಗೆ ಕಣ್ಣು ತೆರೆದಿತ್ತು. ಊಟದ ತಟ್ಟೆಗಳಿಗೆ ಬೂದಿ, ಕಾಫಿಯ ಸಾಮಾನಿಗೆ ಬರೀ ಬಿಸಿನೀರು. "ಕಾಫಿ ಪಾತ್ರೆಗೆ ಸಾಬೂನು ಹಾಕುವುದೆಂದರೆ ಅದರ ನೆನಪನ್ನು ಅಳಿಸಿದಂತೆ, ಬಳಸಿದಷ್ಟೂ ಅದಕ್ಕೆ ರುಚಿ ಹತ್ತುತ್ತದೆ" ಎಂದಿದೆ ಅದರಲ್ಲಿ. ಎಷ್ಟು ಚೆನ್ನಾಗಿ ಬರೆದಿದ್ದಾರೆ!

ಅಮ್ಮ ಕಾರ್ಖಾನೆಯಿಂದ ತರಿಸಿದ ಬೀಜ ಎರಡು ಡಬ್ಬಿಗಳಲ್ಲಿದೆ, ಕೆಂಪು ಮತ್ತು ನೀಲಿ. ಹಜಾರದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ನಾನು ಉರಿ ದೊಡ್ಡದು ಮಾಡಿದೆ. ಪಾತ್ರೆ ಗೊರಗೊರ ಎಂದಿತು.

"ಉರಿ! ಉರಿ ಇಳಿಸೇ! ಕಾಫಿ ಮಾಡ್ತಿದ್ದೀಯೋ, ರೈಲು ಓಡಿಸ್ತಿದ್ದೀಯೋ?"

ಇಳಿಸಿದೆ. ಮೂರು ಲೋಟ ಒಯ್ದಿಟ್ಟೆ. ಅಮ್ಮ ಒಂದೊಂದನ್ನೂ ಮೂಸಿದಳು, ಎಳೆದಳು, ಮತ್ತೆ ಮೊದಲನೆಯದಕ್ಕೆ ಬಂದಳು.

"ಮೂರೂ ಒಂದೇ. ಮೂರೂ ಕಮಟು."

"ಕಮಟು ಅಂದ್ರೆ?"

"ಹಳೇ ಎಣ್ಣೆ ಡಬ್ಬಿ ಮುಚ್ಚಳ ತೆಗೆದ್ರೆ ಬರುತ್ತಲ್ಲ, ಅದು. ಪಾತ್ರೆ ತೊಳೆದಿದ್ದೀಯಾ?"

"ತೊಳೆದಿದ್ದೀನಮ್ಮ."

ಡಾಕ್ಟರು ಇದನ್ನೇ ಹೇಳಿದ್ದರು. ಮೂಗು ವಾಪಸು ಬರುವಾಗ ಡೊಂಕಾಗಿ ಬರಬಹುದು, ಒಳ್ಳೆಯ ವಾಸನೆಯೂ ಕೊಳೆತಂತೆ ಕಾಣಬಹುದು, ಅದರಲ್ಲೂ ಕಾಫಿಯದು ಮೊದಲು ಕೆಡುತ್ತದೆ ಎಂದು. ಅಮ್ಮನಿಗೆ ನೆನಪಿಸಿದೆ. "ಹೌದೇನೋ" ಎಂದು ಲೋಟ ಸರಿಸಿದಳು.

ಮಾರ್ಚ್ ೮, ಶನಿವಾರ

ಉರಿ ಈಗ ಕೈಗೆ ಬಂದಿದೆ. ಕೆಳಗಿನ ಭಾಗಕ್ಕೆ ಬಿಸಿನೀರನ್ನೇ ಹಾಕುತ್ತೇನೆ, ಪುಡಿಯನ್ನು ಒತ್ತುವುದಿಲ್ಲ, ಗೊರಗೊರ ಶುರುವಾಗುವ ಮೊದಲೇ ಇಳಿಸಿ ಪಾತ್ರೆಯ ಬುಡವನ್ನು ಒದ್ದೆ ಬಟ್ಟೆಯ ಮೇಲಿಡುತ್ತೇನೆ. ಇದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ.

ಅಮ್ಮನ ಮುಂದೆ ನಿಂಬೆಹಣ್ಣು ಕುಯ್ದು ಹಿಡಿದರೆ "ಎಲ್ಲೋ ದೂರದಲ್ಲಿ ಇದೆ" ಎನ್ನುತ್ತಾಳೆ. ಕಾಫಿ ಮಾತ್ರ ಕಮಟು.

ಕೆಳಗಿನ ಮನೆಯಿಂದ ಮಾವ ಬಂದಿದ್ದ. ಅಮ್ಮನ ತಮ್ಮ, ಲಿಫ್ಟ್ ರಿಪೇರಿ ಕೆಲಸ. ಜಗತ್ತಿನಲ್ಲಿ ಮೇಲಕ್ಕೂ ಕೆಳಕ್ಕೂ ಹೋಗದೆ ನಡುವೆ ಸಿಕ್ಕಿಕೊಂಡವರೆಲ್ಲ ತನ್ನ ಗಿರಾಕಿಗಳು ಎನ್ನುತ್ತಾನೆ. ನನ್ನನ್ನು ಕರೆಯುವುದು 'ಕರಪತ್ರ' ಎಂದೇ.

"ಏನಮ್ಮಾ ಕರಪತ್ರ, ಕ್ರಾಂತಿ ಎಲ್ಲಿಗೆ ಬಂತು? ನಂಗೂ ಒಂದು ಲೋಟ ಕೊಡು, ಸಕ್ಕರೆ ಜಾಸ್ತಿ, ಹಾಲೂ ಜಾಸ್ತಿ."

ಕುಡಿದು ಚಪ್ಪರಿಸಿದ. ಚೆನ್ನಾಗಿದೆಯಂತೆ. ಅವನಿಗೆ ಬಿಸಿಯಾಗಿದ್ದು ಸಿಹಿಯಾಗಿದ್ದರೆ ಹಲಗೆ ಕುದಿಸಿದ ನೀರೂ ಚೆನ್ನಾಗಿರುತ್ತದೆ. ಆಮೇಲೆ ಧ್ವನಿ ಇಳಿಸಿ, "ಅಕ್ಕ, ಆ ಚಮಚಾ ಇದ್ದಾಳಲ್ಲ, ಅವಳು ಸಹಾಯ ಮಾಡ್ತಾಳಂತೆ. ಬೇರೆ ಲೋಟ ಇಡುವಾಗ ಚಮಚ ಟಣ್ ಅನ್ನಿಸ್ತಾಳೆ. ಯಾರಿಗೂ ಗೊತ್ತಾಗಲ್ಲ" ಎಂದ.

ಚಮಚಾ ಎಂದರೆ ರುಚಿ ನೋಡುವ ಕೋಣೆಯಲ್ಲಿ ಅಮ್ಮನ ಕೈಕೆಳಗಿನವಳು. ಲೋಟ ಜೋಡಿಸುವುದು, ಚಮಚ ತೊಳೆಯುವುದು ಅವಳ ಕೆಲಸ. ಮ್ಯಾನೇಜರ್ ಏನಂದರೂ "ಹೌದು ಸಾರ್" ಎನ್ನುತ್ತಾಳಾದ್ದರಿಂದ ಆ ಹೆಸರು ಎರಡು ಕಡೆಯಿಂದಲೂ ಗಟ್ಟಿಯಾಗಿ ಅಂಟಿದೆ.

ನನಗೆ ಮೈ ಉರಿದುಹೋಯಿತು. ಮೋಸದ ಮೇಲೆ ನಿಂತ ಕೆಲಸ ಕೆಲಸವೇ ಅಲ್ಲ, ಕುಡಿಯುವ ಜನರ ನಾಲಿಗೆಗೆ ಮಾಡುವ ದ್ರೋಹ ಎಂದೆಲ್ಲ ಕೂಗಿದೆ. ಮಾವ ಲೋಟ ಕೆಳಗಿಟ್ಟು, "ಮೈಕ್ ಇಲ್ಲದೇನೇ ಇಷ್ಟು ಕೇಳಿಸುತ್ತೆ, ಇನ್ನು ಇದ್ದಿದ್ರೆ!" ಎಂದು ಮೆಟ್ಟಿಲಿಳಿದ.

ಅಮ್ಮ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅದೇ ನನ್ನನ್ನು ಕೊರೆಯುತ್ತಿದೆ.

ಮಾರ್ಚ್ ೧೧, ಮಂಗಳವಾರ

ಕಮಟು. ಕೆಂಪು ಕಮಟು, ನೀಲಿ ಕಮಟು.

ಮಾರ್ಚ್ ೧೪, ಶುಕ್ರವಾರ

ಇವತ್ತು ಜಗಳವಾಯಿತು. ಅಮ್ಮ ಮತ್ತೆ ಮೂರೂ ಒಂದೇ ಎಂದಳು. ಮೂಗನ್ನು ಹಿಂಡಿಕೊಂಡಳು, ಕೆಟ್ಟ ನಲ್ಲಿಯನ್ನು ತಿರುಚುವಂತೆ. ಆಮೇಲೆ ಮೆಲ್ಲಗೆ, "ಚಮಚ ಟಣ್ ಅಂದ್ರೆ ಯಾರಿಗೆ ನಷ್ಟ? ಇನ್ನೊಂದು ತಿಂಗಳಲ್ಲಿ ಸರಿಹೋಗುತ್ತೇನೋ" ಎಂದಳು.

ನಾನು ಪಾತ್ರೆಯನ್ನು ಕುಕ್ಕಿದೆ. "ಗೊತ್ತಾಗದೇ ಇದ್ದಿದ್ದನ್ನ ಗೊತ್ತು ಅಂತ ಹೇಳಿ ಆ ಕುರ್ಚೀಲಿ ಕೂತ್ರೆ ನೀನೂ ಆ ಮ್ಯಾನೇಜರೂ ಒಂದೇ!"

"ನಿಂಗೆ ಮಾತಾಡೋದು ಸುಲಭ."

"ನಿಜ ಯಾವತ್ತೂ ಸುಲಭಾನೇ ಅಮ್ಮ. ನೀನೇ ಹೋಗಿ ಹೇಳು: ನನ್ನ ಮೂಗು ಬಂದಿಲ್ಲ, ಪರೀಕ್ಷೆ ಬೇಡ, ಬೇರೆ ಕೆಲಸ ಕೊಡಿ. ತಲೆ ಎತ್ತಿ ಹೇಳು."

ಅಮ್ಮ ಲೋಟವನ್ನು ಮತ್ತೊಮ್ಮೆ ಮೂಸಿದಳು. "ನನ್ನ ಮೂಗು ಬಂದಿಲ್ಲ ಅಂತ ನಿಂಗೆ ಖಾತ್ರೀನಾ?" ಎಂದು ಕೇಳಿದಳು. ಎಂಥ ಪ್ರಶ್ನೆ! ಡಾಕ್ಟರು ಹೇಳಿದ್ದು, ದಿನಾ ಕಣ್ಣೆದುರು ಕಾಣುತ್ತಿರುವುದು ಎಲ್ಲವನ್ನೂ ಬಿಡಿಸಿ ಹೇಳಿದೆ. "ಸರಿ. ಸೋಮವಾರ ಹೇಳ್ತೀನಿ" ಎಂದಳು.

ಇದು ಗೆಲುವು.

ಮಾರ್ಚ್ ೧೭, ಸೋಮವಾರ

ಹೇಳಿಬಂದಳು. ಮ್ಯಾನೇಜರ್ ಕುರ್ಚಿ ಕೊಟ್ಟು ಕೂರಿಸಿ, ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದನಂತೆ. ನಾಳೆಯಿಂದ ಪೊಟ್ಟಣಕ್ಕೆ ಚೀಟಿ ಅಂಟಿಸುವ ವಿಭಾಗ. ಪರೀಕ್ಷೆ ಈಗ ಚಮಚಾಳಿಗೆ. ಪಾಸಾದರೆ ಕುರ್ಚಿ ಅವಳದು.

ಕರಪತ್ರದಲ್ಲಿ ಒಂದು ಪ್ಯಾರಾ ಸೇರಿಸೋಣವೆಂದು ಕೂತೆ: 'ಸತ್ಯಕ್ಕಾಗಿ ಕುರ್ಚಿ ಬಿಟ್ಟ ಕಾರ್ಮಿಕ ಮಹಿಳೆ'. ಅಮ್ಮನಿಗೆ ಓದಿ ಹೇಳಿದೆ. ಕೇಳಿಸಿಕೊಂಡು, "ಯಾರಿವಳು?" ಎಂದಳು.

ಮಾರ್ಚ್ ೧೯, ಬುಧವಾರ

ಅಮ್ಮನ ಬೆರಳುಗಳು ಅಂಟಂಟಾಗಿವೆ. ಎಷ್ಟು ತೊಳೆದರೂ ಹೋಗುತ್ತಿಲ್ಲವಂತೆ. ಬಂದವಳೇ ಮಲಗುತ್ತಾಳೆ. ಕಾಫಿ ಕೇಳುವುದಿಲ್ಲ.

ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಒಲೆ ಹಚ್ಚಿ, ಯಾಕೆ ಹಚ್ಚಿದೆನೆಂದು ತಿಳಿಯದೆ ಆರಿಸಿದೆ. ಕಿಟಕಿ ತೆಗೆದೆ, ಹಾಕಿದೆ. ಅಂಗಡಿಯಲ್ಲಿ ಒಬ್ಬರ ಮದುವೆ ಕಾಗದವನ್ನು ತಲೆಕೆಳಗಾಗಿ ನೂರು ಪ್ರತಿ ತೆಗೆದೆ. ಮಾಲೀಕ ಬೈದದ್ದು ಸರಿಯಾಗಿ ಕಿವಿಗೆ ಬೀಳಲಿಲ್ಲ.

ಮಾವ ಮೆಟ್ಟಿಲಲ್ಲಿ ಸಿಕ್ಕ. "ಕರಪತ್ರ" ಎನ್ನಲಿಲ್ಲ. "ಊಟ ಆಯ್ತೇನಮ್ಮ?" ಎಂದ. ಅವನು ಹಾಗೆ ಮರ್ಯಾದೆಯಿಂದ ಮಾತಾಡಿದರೆ ನನಗೆ ಸಹಿಸಲಾಗುವುದಿಲ್ಲ.

ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಮೂರು ಸಲ ಯೋಚಿಸಿದೆ, ಏನೂ ಇಲ್ಲ.

ಮಾರ್ಚ್ ೨೨, ಶನಿವಾರ

ಅಮ್ಮ ಕೆಲಸಕ್ಕೆ ಹೋಗಿದ್ದಳು. ಮಾವ ಬಂದು ಕಾಫಿ ಕೇಳಿದ. ಬೇಡವೆನ್ನಲು ಕಾರಣ ಸಿಗಲಿಲ್ಲ. ಗ್ರೈಂಡರಿನ ಹಿಡಿಕೆ ಅರ್ಧ ಸುತ್ತಿಗೇ ಕಚ್ಚಿಕೊಂಡಿತು. ಜೋರು ಮಾಡಿದೆ. ಅಲುಗಲಿಲ್ಲ.

"ಬಿಚ್ಚಿ ನೋಡು. ಆದ್ರೆ ಒಳಗಿನ ಚಕ್ರಕ್ಕೆ ನೀರು ಸೋಕಿಸಬೇಡ, ತುಕ್ಕು ಹಿಡಿಯುತ್ತೆ" ಎಂದು ಸ್ಕ್ರೂಡ್ರೈವರ್ ಕೊಟ್ಟು, ಯಾವುದೋ ಲಿಫ್ಟಿನ ಫೋನು ಬಂತೆಂದು ಮಾವ ಹೋದ.

ಬಿಚ್ಚಿದೆ. ಹಲ್ಲಿನ ಚಕ್ರಗಳ ಸಂದಿಯಲ್ಲೆಲ್ಲ ಕಂದು ಬಣ್ಣದ ಅಂಟು. ಕೆಳಗಿನ ಬಳೆಯ ಸುತ್ತ ಹಳೆಯ ಪುಡಿ ಗಟ್ಟಿಯಾಗಿ, ಬೆರಳಿನಲ್ಲಿ ಕೆರೆದರೆ ಮೇಣದಂತೆ ಸುರುಳಿಯಾಗಿ ಬಂತು. ನೀಲಿ ಡಬ್ಬಿಯ ಬೀಜ ಹಾಕಿದಾಗ ಮೊದಲು ಉದುರುತ್ತಿದ್ದದ್ದು ಕೆಂಪು ಡಬ್ಬಿಯ ಪುಡಿ. ಅದರ ಜೊತೆ ಇಡೀ ಚಳಿಗಾಲದ ಪುಡಿ. ಬೆರಳನ್ನು ಮೂಗಿನ ಹತ್ತಿರ ತಂದೆ.

ಕಮಟು.

ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೇ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ ಹಾಗೆಯೇ. ಪಾತ್ರೆಯನ್ನು ತೆಗೆದುಕೊಂಡೆ. ಮೇಲಿನ ಭಾಗದ ಅಡಿಯಲ್ಲಿ ಜಾಲರಿ, ಅದನ್ನು ಹಿಡಿದಿರುವ ರಬ್ಬರ್ ವಾಷರ್. ಅದನ್ನು ಚೂರಿ ತುದಿಯಿಂದ ಎಬ್ಬಿಸಿದರೆ ಹಿಂದೆ ಕಪ್ಪು ಲೋಳೆ. ಅದೂ ಅದೇ ವಾಸನೆ. ಇದೇ ಏನು ಪಾತ್ರೆಗೆ ಹತ್ತಿದ ರುಚಿ? ಇದೇ ಏನು ಅದರ ನೆನಪು?

ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಎದ್ದು ಅಂಗಡಿಗೆ ಹೋಗಿ ಸಾಬೂನು ಮತ್ತು ಹೊಸ ವಾಷರ್ ತಂದೆ. ಚಕ್ರಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿ, ಒಂದು ಹಿಡಿ ಬೀಜ ತಿರುಗಿಸಿ ಆ ಪುಡಿಯನ್ನು ಚೆಲ್ಲಿದೆ. ಪಾತ್ರೆಯನ್ನು ಸಾಬೂನು ಹಚ್ಚಿ ಉಜ್ಜಿದೆ, ತೊಳೆದೆ, ಮತ್ತೆ ಉಜ್ಜಿದೆ. ಬರೀ ನೀರು ಹಾಕಿ ಒಮ್ಮೆ ಒಲೆಗಿಟ್ಟು ಅದನ್ನೂ ಚೆಲ್ಲಿದೆ. ಆಮೇಲೆ ಕೆಂಪು ಡಬ್ಬಿಯದೊಂದು, ನೀಲಿ ಡಬ್ಬಿಯದೊಂದು ಮಾಡಿದೆ. ಬೇರೆ ಇವೆಯೋ ಇಲ್ಲವೋ ಪರೀಕ್ಷಿಸಬೇಕಲ್ಲ, ಯಾರೂ ಇರಲಿಲ್ಲವಲ್ಲ, ನಾನೇ ನೋಡಿದೆ. ಕೆಂಪಿನದು ಸುಟ್ಟ ಸಕ್ಕರೆಯಂತೆ, ಗಂಟಲಲ್ಲಿ ಭಾರ. ನೀಲಿಯದರಲ್ಲಿ ತೆಳ್ಳಗೆ ಹುಳಿ, ನಾಲಿಗೆಯ ಎರಡು ಅಂಚಲ್ಲಿ ಮಾತ್ರ, ಆರಿದಂತೆ ಹೆಚ್ಚಾಗುತ್ತದೆ. ಎಳೆಮಗುವೂ ಹೇಳಬಲ್ಲದು ಬೇರೆ ಎಂದು.

ಅಮ್ಮ ಬಂದಾಗ ಮಲಗಿದವಳಂತೆ ನಟಿಸಿದೆ.

ಮಾರ್ಚ್ ೨೩, ಭಾನುವಾರ

ಎದ್ದ ಕೂಡಲೇ ಹೇಳಿದೆ. ಬಟ್ಟೆಯ ಮೇಲೆ ಕೆರೆದಿಟ್ಟಿದ್ದ ಅಂಟನ್ನೂ ಮುಂದಿಟ್ಟೆ. ಅಮ್ಮ ಬಗ್ಗಿ ಮೂಸಿ ತಲೆಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

"ತೊಳೆದಿದ್ದೀನಿ ಅಂದೆಯಲ್ಲೇ?"

"ತೊಳೆದೆ. ಉಜ್ಜಲಿಲ್ಲ."

"ಸಾಬೂನು?"

"ಪುಸ್ತಕದಲ್ಲಿ ಬೇಡ ಅಂತ ಬರೆದಿತ್ತು."

"ಮತ್ತೆ ನೀನು ಒಂದು ಗುಟುಕೂ ಕುಡಿದು ನೋಡಲಿಲ್ಲ."

ನನ್ನ ಪ್ರತಿಜ್ಞೆಯ ವಿಷಯ ಅವಳಿಗೆ ಗೊತ್ತು.

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನನ್ನ ಮೂಗು ಸರಿಯಾಗೇ ಹೇಳ್ತಿತ್ತು. ನೀನೂ ನಾನೂ ಸೇರಿ ಅದರ ಬಾಯಿ ಮುಚ್ಚಿಸಿದ್ವಿ. ಎರಡು ವಾರ ಅದನ್ನ ಎಷ್ಟು ಬೈದುಕೊಂಡೆ ಗೊತ್ತಾ, ಪುಟ್ಟಿ?" ಎಂದಳು. ಆಮೇಲೆ ಗೋಡೆಗೆ ಮುಖ ಮಾಡಿ ಕೂತು, "ಇಡು ಲೋಟ" ಎಂದಳು.

ಮಧ್ಯದ್ದು ಎಂದಳು. ಸರಿ. ಮತ್ತೆ ಇಟ್ಟೆ. ಮೊದಲನೆಯದು. ಸರಿ. ಮತ್ತೆ. ಸರಿ. ನಾಲ್ಕನೆಯ ಸಲ ಒಂದು ಲೋಟಕ್ಕೆ ಎರಡು ಡಬ್ಬಿಯದನ್ನೂ ಬೆರೆಸಿ ಕೊಟ್ಟೆ. ಹೆಚ್ಚು ಹೊತ್ತು ಹಿಡಿಯಿತು, "ಕೊನೇದು, ಇದ್ಯಾಕೆ ಹೀಗೆ ಕಲಬೆರಕೆ?" ಎಂದಳು. ಇನ್ನೂ ಎಲ್ಲ ವಾಸನೆಯೂ ಪೂರಾ ಬಂದಿಲ್ಲವಂತೆ, ಕೆಲವು ಬಾಗಿಲ ಆಚೆಯೇ ನಿಂತಿವೆಯಂತೆ. ಆದರೆ ಮುಖ ನೋಡಬೇಕಿತ್ತು.

ಮಾರ್ಚ್ ೨೫, ಮಂಗಳವಾರ

ನಿನ್ನೆ ಅಮ್ಮ ಮ್ಯಾನೇಜರನ ಹತ್ತಿರ ಹೋದಳು. ನನಗೂ ಪರೀಕ್ಷೆ ಕೊಡಿ, ಮನೆಯ ಗ್ರೈಂಡರ್ ಕೊಳಕಾಗಿತ್ತು ಎಂದಳು. ಅವನು ನಕ್ಕನಂತೆ. "ಬಂದಿಲ್ಲ ಅಂತ ನೀವೇ ಹೇಳಿದ್ರಿ, ಈಗ ಬಂದಿದೆ ಅಂತೀರಿ. ನಾಳೆ ಯಾವ ಮಾತನ್ನ ನಂಬಲಿ? ರುಚಿ ನೋಡೋರ ಮಾತು ಒಂದಿರಬೇಕಮ್ಮ." ಅವನ ಮಾತು ಸರಿಯಾಗಿದೆ ಎನ್ನುವುದೇ ಅತ್ಯಂತ ಕೆಟ್ಟ ಸಂಗತಿ.

ನಾನು ಅಂಗಡಿಯಲ್ಲಿ ನೂರು ಕರಪತ್ರ ತೆಗೆದೆ. 'ನಾಲಿಗೆಗೆ ನ್ಯಾಯ ಕೊಡಿ!' ನಾಳೆ ಗೇಟಿನಲ್ಲಿ ಹಂಚುತ್ತೇನೆಂದೆ. ಅಮ್ಮ ಬೇಡ ಎಂದಳು. ಯಾಕೆ ಎಂದು ವಾದಕ್ಕೆ ಬಾಯಿ ತೆರೆದು, ಕಳೆದ ವಾದ ಎಲ್ಲಿಗೆ ಮುಟ್ಟಿತೆಂದು ನೆನಪಾಗಿ ಮುಚ್ಚಿದೆ. ಚೀಲದಲ್ಲಿಟ್ಟಿದ್ದೇನೆ.

ಸಂಜೆ ಬಾಗಿಲು ತಟ್ಟಿದ್ದು ಚಮಚಾ. ನಾನು ಅವಳನ್ನು ಹತ್ತಿರದಿಂದ ನೋಡಿರಲೇ ಇಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟೇ. ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

"ಅಕ್ಕ, ನಾನು ಸಾರ್‌ಗೆ ಹೇಳಿಬಿಟ್ಟೆ. ಅಕ್ಕ ಕೂತ್ರೆ ಮಾತ್ರ ನಾನೂ ಕೂರೋದು, ಇಲ್ಲಾಂದ್ರೆ ನಂಗೆ ಪರೀಕ್ಷೆ ಬೇಡ ಅಂತ."

"ಹೌದು ಸಾರ್ ಅನ್ನೋಳು ನೀನು! ಏನಂದ್ರು?"

"ಕನ್ನಡಕ ತೆಗೆದು ಒರೆಸಿದ್ರು. ಆಮೇಲೆ ಆಗಲಿ ಅಂದ್ರು. ಅಕ್ಕ, ನಿಮ್ಮ ಮೇಲಿನ ಪ್ರೀತಿಗಲ್ಲ, ತಪ್ಪು ತಿಳೀಬೇಡಿ. ನೀವಿಲ್ಲದೆ ನಾನು ಪಾಸಾದ್ರೆ ಸಾಯೋವರೆಗೂ ಚಮಚಾ ಅಂತಾನೇ ಕರೀತಾರೆ. ನಿಮ್ಮೆದುರು ಸೋತ್ರೂ ಪರವಾಗಿಲ್ಲ."

"ಟಣ್ ಅನ್ನಿಸ್ತೀನಿ ಅಂದಿದ್ದೆಯಂತೆ?" ಅಮ್ಮ ನಗು ತಡೆದುಕೊಂಡು ಕೇಳಿದಳು.

"ಅಯ್ಯೋ, ಅದು ನಿಮ್ಮ ತಮ್ಮನ ತಲೆ! ನಂಗೆ ಕೈ ನಡುಗಿ ಎಲ್ಲಾ ಲೋಟಾನೂ ಟಣ್ ಅಂದಿರೋದು."

ಇಬ್ಬರೂ ಉಸಿರುಗಟ್ಟುವಷ್ಟು ನಕ್ಕರು. ನಾನು ಕಾಫಿ ಮಾಡಿದೆ. ಚಮಚಕ್ಕ ಕುಡಿದು, ಪುಡಿ ಇನ್ನೊಂದು ಚೂರು ದಪ್ಪಗಿರಲಿ ಎಂದಳು. ಚಕ್ರದ ತಿರುಪನ್ನು ಸಡಿಲಿಸಿ ನೋಡಿದೆ. ಹೌದು, ಕಹಿ ಕಡಿಮೆಯಾಯಿತು.

ಮಾರ್ಚ್ ೨೮, ಶುಕ್ರವಾರ

ಅಂಗಡಿಗೆ ರಜೆ ಹಾಕಿ ಅಮ್ಮನ ಜೊತೆ ಹೋದೆ. ನನ್ನನ್ನು ಒಳಗೆ ಬಿಡುವುದಿಲ್ಲ. ಗೇಟಿನ ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತೆ, ಎದ್ದೆ, ಕೂತೆ. ಹಿಂದೆ ನಾನು ಕರಪತ್ರ ಹಂಚುವುದನ್ನು ಕಂಡಿದ್ದ ಕಾವಲುಗಾರ ರಸ್ತೆ ದಾಟಿ ಬಂದು, "ಏನಮ್ಮ, ಇವತ್ತು ಏನೂ ಹಂಚಲ್ವಾ?" ಎಂದ. ಚೀಲ ಮನೆಯಲ್ಲೇ ಉಳಿದಿತ್ತು. ಒಳಗೆ ಎಷ್ಟನೆಯ ಸುತ್ತು ನಡೆಯುತ್ತಿರಬಹುದೆಂದು ಅವನನ್ನು ಕೇಳಿದೆ. ಅವನಿಗೇನು ಗೊತ್ತು, ಪಾಪ.

ಹುರಿಯುವ ಹೊಗೆ ಗೋಡೆಯಾಚೆಯಿಂದ ಬರುತ್ತಿತ್ತು. ಮೊದಲು ಹಸಿ ಹುಲ್ಲಿನಂತೆ, ಆಮೇಲೆ ಬೆಂದ ಹಿಟ್ಟಿನಂತೆ, ಆಮೇಲೆ ಕಾಫಿ.

ಬಿಸಿಲೇರಿದ ಮೇಲೆ ಅಮ್ಮ ಬಂದಳು. ನಡಿಗೆಯಿಂದ ಏನೂ ಗೊತ್ತಾಗಲಿಲ್ಲ. ನಾನೇ ಓಡಿದೆ.

"ನಾಲ್ಕು ಸರಿ ಹೇಳಿದೆ. ಐದನೇದು ಗೊತ್ತಾಗಲಿಲ್ಲ."

"ಯಾವುದೋ ಒಂದು ಹೇಳಬಹುದಿತ್ತಲ್ಲ ಅಂದ್ರಾ?"

"ಅಂದ್ರು. ಊಹೆ ಮಾಡಿ ಅಂದ್ರು. ಗೊತ್ತಾಗ್ತಿಲ್ಲ ಸಾರ್ ಅಂದೆ. ನೀನು ಬೈತೀಯ ಅಂತಲ್ಲ ಮತ್ತೆ! ನಿಜವಾಗ್ಲೂ ಗೊತ್ತಾಗಲಿಲ್ಲ." ಸೆರಗಿನಿಂದ ಕತ್ತು ಒರೆಸಿಕೊಂಡಳು. "ಅವಳು ಮೂರು ಸರಿ, ಎರಡು ತಪ್ಪು. ಸೋಮವಾರದಿಂದ ಕುರ್ಚಿ ನಂದೇ. ಆದ್ರೆ ಪಕ್ಕದಲ್ಲಿ ಅವಳಿಗೂ ಒಂದು ಹಾಕ್ತಾರಂತೆ. ನಂಗೆ ಗೊತ್ತಾಗದೇ ಇದ್ದಿದ್ದು ಅವಳಿಗೆ ಗೊತ್ತಾದ್ರೆ ಅವಳ ಮಾತೇ ನಡೆಯೋದು. ಒಪ್ಕೊಂಡು ಬಂದೆ."

"ಐದನೇದು ಹೇಗಿತ್ತಮ್ಮ?" ಎಂದೆ.

ಅಮ್ಮ ನಿಂತಳು. ಬಾಯಲ್ಲಿ ಇನ್ನೂ ಅದು ಇರುವಂತೆ ತುಟಿ ಒತ್ತಿಕೊಂಡಳು. "ಒಂದರಲ್ಲಿ ಏನೋ ಇತ್ತು. ಹುಳಿ ಅಲ್ಲ. ಹುಳಿ ಬರೋಕ್ಕೆ ಮುಂಚೆ ಒಂಥರಾ... ಇರು, ಹೇಳ್ತೀನಿ. ಒದ್ದೆ ಕಲ್ಲು? ಊಹೂಂ, ಅಲ್ಲ. ಕಲ್ಲು ಇನ್ನೂ ತಣ್ಣಗಿರುತ್ತೆ."

ಬೆಂಚಿನಲ್ಲಿ ಕೂತೆವು. ಬಸ್ಸು ಬಂತು, ಡ್ರೈವರ್ ನಮ್ಮನ್ನು ನೋಡಿ ನಿಧಾನ ಮಾಡಿ, ನಾವು ಏಳದಿದ್ದುದನ್ನು ಕಂಡು ಹೋದ. ಅಮ್ಮ ಒಂದೊಂದೇ ಮಾತು ಎತ್ತಿ, ಮೂಸಿ ನೋಡಿದವಳಂತೆ ಕೆಳಗಿಡುತ್ತಿದ್ದಳು. ಎರಡು ಸಲ ನನಗೆ ಹೊಳೆಯಿತು ಅವಳು ಹುಡುಕುತ್ತಿರುವ ಮಾತು ಇದೇ ಇರಬೇಕೆಂದು. ಹೇಳಲಿಲ್ಲ. ಆ ಲೋಟ ಕುಡಿದವಳು ಅವಳು.